ಚಂದ್ರಯಾನಕ್ಕೊಂದು ನ್ಯಾಯ, ಅಪೊಲೊಗೊಂದು ನ್ಯಾಯವೇ?

ಚಂದ್ರಯಾನ-3 ಇಳಿದ ದಿನದಿಂದ ಕನ್ನಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ಸುತ್ತುತ್ತಲೇ ಇದೆ. "1969ರಲ್ಲಿ ಅಮೆರಿಕದವರು ನಾಲ್ಕೇ ದಿನದಲ್ಲಿ ಚಂದ್ರನ ಮೇಲೆ ಇಳಿದರಂತೆ. ಇಷ್ಟೆಲ್ಲ ಕಂಪ್ಯೂಟರ್ ಬಂದ ಮೇಲೂ ನಮ್ಮ ಇಸ್ರೋಗೆ 40 ದಿನ ಬೇಕಾಯಿತು. ಹಾಗಾದರೆ ಅವರು ಹೋಗಿದ್ದು ನಿಜವಾ?" ಇದರ ಹಿಂದೆಯೇ ಹಾರಾಡುವ ಬಾವುಟ, ನಕ್ಷತ್ರವಿಲ್ಲದ ಆಕಾಶ, ಅಡ್ಡಾದಿಡ್ಡಿ ನೆರಳುಗಳ ಚಿತ್ರಗಳು ಬರುತ್ತವೆ. ಕೊನೆಗೆ, ಎಲ್ಲವನ್ನೂ ಸ್ಟುಡಿಯೋದಲ್ಲಿ ಶೂಟಿಂಗ್ ಮಾಡಿದ್ದು ಎಂಬ ತೀರ್ಪು.

ಪ್ರಶ್ನೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಶಾಲೆಯ ಮಗುವೊಂದು ಇದನ್ನು ಕೇಳಿದರೆ ನನಗೆ ಖುಷಿಯೇ ಆಗುತ್ತದೆ. ಬೇಸರವಾಗುವುದು ಉತ್ತರಕ್ಕೆ ಕಾಯದೆ ಮುಂದಕ್ಕೆ ಕಳಿಸಿಬಿಡುವುದನ್ನು ಕಂಡಾಗ. ಯಾಕೆಂದರೆ ಈ 40 ದಿನದ ಲೆಕ್ಕಕ್ಕೆ ಬಹಳ ಸ್ಪಷ್ಟವಾದ ಉತ್ತರ ಇದೆ, ಅದೂ ಇಸ್ರೋ ದಿನದಿನವೂ ಪ್ರಕಟಿಸಿದ ಮಾಹಿತಿಯಲ್ಲೇ ಇದೆ.

ಚಂದ್ರಯಾನ-3 ಹೊರಟಿದ್ದು 2023ರ ಜುಲೈ 14ರಂದು. ಆದರೆ ಆವತ್ತು ಅದು ಚಂದ್ರನ ಕಡೆ ಹೊರಡಲಿಲ್ಲ. ರಾಕೆಟ್ ಅದನ್ನು ಭೂಮಿಯ ಸುತ್ತಲಿನ ಮೊಟ್ಟೆಯಾಕಾರದ ಕಕ್ಷೆಗೆ ಬಿಟ್ಟಿತು. ಆ ಕಕ್ಷೆಯ ಅತಿ ದೂರದ ತುದಿಯೂ ಭೂಮಿಯಿಂದ ಸುಮಾರು 36,500 ಕಿ.ಮೀ. ಎತ್ತರದಲ್ಲಿತ್ತು, ಅಷ್ಟೇ. ಚಂದ್ರ ಇರುವುದು 3,84,000 ಕಿ.ಮೀ. ದೂರದಲ್ಲಿ. ಅಲ್ಲಿಂದ ನೌಕೆ ತನ್ನದೇ ಪುಟ್ಟ ಎಂಜಿನ್ನಿನಿಂದ ಆಗಾಗ ವೇಗ ಹೆಚ್ಚಿಸಿಕೊಳ್ಳುತ್ತಾ ಕಕ್ಷೆಯನ್ನು ಹಿಗ್ಗಿಸುತ್ತಾ ಹೋಯಿತು. ಜೋಕಾಲಿ ಕೈಗೆ ಹತ್ತಿರ ಬಂದಾಗಲೆಲ್ಲ ಒಂದೊಂದು ಸಲ ತಳ್ಳಿ ಮೇಲಕ್ಕೇರಿಸಿದ ಹಾಗೆ. ಆಗಸ್ಟ್ 1ರಂದು ಕೊನೆಯ ತಳ್ಳು ಸಿಕ್ಕಿತು, ನೌಕೆ ಚಂದ್ರನ ದಾರಿ ಹಿಡಿಯಿತು. ಆಗಸ್ಟ್ 5ರಂದು ಚಂದ್ರನ ಕಕ್ಷೆ ಸೇರಿತು. ಅಂದರೆ ಭೂಮಿ ಬಿಟ್ಟು ಚಂದ್ರನನ್ನು ಮುಟ್ಟಲು ನಮ್ಮ ನೌಕೆಗೂ ಬೇಕಾಗಿದ್ದು ಐದು ದಿನಕ್ಕಿಂತ ಕಡಿಮೆಯೇ!

ಉಳಿದ ದಿನಗಳು ಚಂದ್ರನ ಸುತ್ತ ಕಕ್ಷೆಯನ್ನು ಮೆಲ್ಲಗೆ ಕುಗ್ಗಿಸುವುದಕ್ಕೆ ಮತ್ತು ಕಾಯುವುದಕ್ಕೆ ಹೋದವು. ವಿಕ್ರಮ್ ಲ್ಯಾಂಡರ್ ನಡೆಯುವುದು ಸೌರಶಕ್ತಿಯಲ್ಲಿ. ಚಂದ್ರನ ಒಂದು ಹಗಲು ನಮ್ಮ ಸುಮಾರು 14 ದಿನದಷ್ಟು ಉದ್ದ. ಆ ಹಗಲು ಪೂರ್ತಿ ಕೆಲಸಕ್ಕೆ ಸಿಗಬೇಕಾದರೆ ಇಳಿಯುವ ಜಾಗದಲ್ಲಿ ಬೆಳಗಾಗುವ ಹೊತ್ತಿಗೇ ಇಳಿಯಬೇಕು. ಆಗಸ್ಟ್ 23 ಅಂಥ ದಿನವಾಗಿತ್ತು.

1969ರಲ್ಲಿ ಹೋದ ಅಮೆರಿಕದ ಅಪೊಲೊ 11 ಯಾಕೆ ಕಾಯಲಿಲ್ಲ? ಅದರ ರಾಕೆಟ್ಟಿಗೆ ಕಾಯುವ ಅಗತ್ಯ ಇರಲಿಲ್ಲ. ಸ್ಯಾಟರ್ನ್ 5 ರಾಕೆಟ್ 110 ಮೀಟರ್ ಎತ್ತರ, ಸುಮಾರು 2,900 ಟನ್ ತೂಕ. ಚಂದ್ರಯಾನ-3ನ್ನು ಹೊತ್ತೊಯ್ದ ನಮ್ಮ ಎಲ್‌ವಿಎಂ-3 ರಾಕೆಟ್ ಸುಮಾರು 43 ಮೀಟರ್, 640 ಟನ್. ಸ್ಯಾಟರ್ನ್ ಮೊದಲ ಹಂತದ ಐದು ಎಂಜಿನ್‌ಗಳು ಸೆಕೆಂಡಿಗೆ ಸುಮಾರು 13 ಟನ್ ಇಂಧನ, ಆಮ್ಲಜನಕ ಸುಡುತ್ತಿದ್ದವು. ಭೂಮಿಯನ್ನು ಒಂದೂವರೆ ಸುತ್ತು ಹಾಕಿ, ಮೂರನೇ ಹಂತವನ್ನು ಮತ್ತೊಮ್ಮೆ ಉರಿಸಿ, ಸುಮಾರು 45 ಟನ್ ಭಾರವನ್ನು ಒಂದೇ ಏಟಿಗೆ ಚಂದ್ರನ ಕಡೆ ಎಸೆಯುವ ತಾಕತ್ತು ಅದಕ್ಕಿತ್ತು. ಚಂದ್ರಯಾನ-3ರ ಒಟ್ಟು ತೂಕ 4 ಟನ್ನಿಗೂ ಕಡಿಮೆ. ಮೂರು ಜೀವಗಳು ಒಳಗೆ ಕೂತಿರುವಾಗ ಅನ್ನ, ನೀರು, ಉಸಿರಾಡುವ ಗಾಳಿ ಎಲ್ಲವೂ ದಿನಕ್ಕೆ ಇಷ್ಟು ಎಂದು ಖರ್ಚಾಗುತ್ತವೆ. ಅವರು ಬೇಗ ಹೋಗಲೇಬೇಕಿತ್ತು, ಅದಕ್ಕೆ ದುಡ್ಡು ಸುರಿದರು. ನಮಗೆ ಬೇಗ ಹೋಗುವ ಅವಸರ ಇರಲಿಲ್ಲ, ಇಂಧನ ಉಳಿಸಿದೆವು. ಅದೇ ಆಗಸ್ಟಿನಲ್ಲಿ ರಷ್ಯಾದ ಲೂನಾ-25 ಕೂಡ 11ರಂದು ಹೊರಟು 16ಕ್ಕೆ ಚಂದ್ರನ ಕಕ್ಷೆ ಸೇರಿತ್ತು. ಅದು ಆಮೇಲೆ ಅಪ್ಪಳಿಸಿ ಹಾಳಾಯಿತು, ಆ ಮಾತು ಬೇರೆ. ಆದರೆ ಐದು ದಿನದಲ್ಲಿ ತಲುಪಿದ್ದನ್ನು ಯಾರೂ ಅನುಮಾನಿಸಲಿಲ್ಲ.

ಇನ್ನು ಈ ಕಥೆ ಹುಟ್ಟಿದ್ದು ಎಲ್ಲಿ? 1976ರಲ್ಲಿ ಅಮೆರಿಕದ ಬಿಲ್ ಕೇಸಿಂಗ್ ಎಂಬಾತ ತನ್ನದೇ ಖರ್ಚಿನಲ್ಲಿ ಒಂದು ಪುಸ್ತಕ ತಂದ. ಅಪೊಲೊ ಎಂಜಿನ್‌ಗಳನ್ನು ಮಾಡಿದ ಕಂಪನಿಯಲ್ಲಿ ತಾಂತ್ರಿಕ ಬರಹಗಳ ವಿಭಾಗದಲ್ಲಿದ್ದವನು ಆತ, 1963ರಲ್ಲೇ ಕೆಲಸ ಬಿಟ್ಟಿದ್ದ. ಮನುಷ್ಯ ಚಂದ್ರನಿಗೆ ಹೋಗಲೇ ಇಲ್ಲ ಎಂಬುದು ಪುಸ್ತಕದ ವಾದ. ಅದು ವಿಯೆಟ್ನಾಂ ಯುದ್ಧದ ಸುಳ್ಳುಗಳು, ವಾಟರ್‌ಗೇಟ್ ಹಗರಣ ಹೊರಬಿದ್ದ ಕಾಲ. ಸರ್ಕಾರ ಹೇಳಿದ್ದನ್ನು ನಂಬುವ ಮನಸ್ಸೇ ಅಲ್ಲಿನ ಜನರಿಗೆ ಇರಲಿಲ್ಲ. ಹಾಗಾಗಿ ಅನುಮಾನ ಬೇರೂರಿತು. 2001ರಲ್ಲಿ ಫಾಕ್ಸ್ ಟಿವಿ ಇದರ ಮೇಲೆ ಒಂದು ಗಂಟೆಯ ಕಾರ್ಯಕ್ರಮ ಮಾಡಿತು, ಕಥೆ ಮನೆಮನೆಗೆ ಹೋಯಿತು. ಈಗ ಅದಕ್ಕೆ ಟಿವಿಯೂ ಬೇಡ. 2025ರ ಅಕ್ಟೋಬರ್‌ನಲ್ಲಿ ಕಿಮ್ ಕರ್ದಾಶಿಯನ್ ತಮ್ಮ ರಿಯಾಲಿಟಿ ಶೋನಲ್ಲಿ ಚಂದ್ರನ ಮೇಲೆ ಇಳಿದಿದ್ದು ಸುಳ್ಳು ಅನಿಸುತ್ತದೆ ಎಂದರು. ಆಗ ನಾಸಾದ ಹಂಗಾಮಿ ಮುಖ್ಯಸ್ಥರೇ ಬಂದು, ಹೋಗಿದ್ದೇವೆ, ಒಂದಲ್ಲ ಆರು ಸಲ, ಎಂದು ಉತ್ತರ ಕೊಡಬೇಕಾಯಿತು.

ಆರು ಸಲ ಎಂಬುದನ್ನು ನಮ್ಮಲ್ಲಿ ತುಂಬ ಜನ ಮರೆಯುತ್ತಾರೆ. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಹೆಸರು ಎಲ್ಲರಿಗೂ ಗೊತ್ತು. ಆದರೆ ಅಪೊಲೊ 11, 12, 14, 15, 16, 17 ಹೀಗೆ 1969ರ ಜುಲೈನಿಂದ 1972ರ ಡಿಸೆಂಬರ್‌ವರೆಗೆ 12 ಜನ ಚಂದ್ರನ ಮೇಲೆ ನಡೆದಾಡಿದ್ದಾರೆ. ಅಪೊಲೊ 13ರ ಟ್ಯಾಂಕ್ ದಾರಿಯಲ್ಲೇ ಸಿಡಿದು, ಮೂವರು ಬದುಕಿ ಬಂದಿದ್ದೇ ದೊಡ್ಡದಾಯಿತು. ಸುಳ್ಳು ಹೇಳುವವರು ಒಂದು ಸಲ ಹೇಳಿ ಸುಮ್ಮನಾಗುತ್ತಾರೆ, ಅಲ್ವಾ? ಆರು ಸಲ ಹೇಳಿ, ನಡುವೆ ಒಂದು ವೈಫಲ್ಯವನ್ನೂ ನಟಿಸುವ ಸಾಹಸ ಯಾರು ಮಾಡುತ್ತಾರೆ?

ಸರಿ, ಇದು ತರ್ಕದ ಮಾತಾಯಿತು. ಚಿತ್ರಗಳಿಗೆ ಬರೋಣ.

ಆಕಾಶದಲ್ಲಿ ನಕ್ಷತ್ರ ಯಾಕಿಲ್ಲ? ಅಪೊಲೊ ನೌಕೆಗಳೆಲ್ಲ ಇಳಿದಿದ್ದು ಚಂದ್ರನ ಹಗಲಿನಲ್ಲಿ. ಗಾಳಿ ಇಲ್ಲದ ಕಾರಣ ಆಕಾಶ ಕಪ್ಪಗಿದೆ, ಆದರೆ ನೆಲದ ಮೇಲೆ ಸುಡುಬಿಸಿಲು. ಬಿಳಿ ಉಡುಪು ತೊಟ್ಟವನ ಚಿತ್ರ ಆ ಬಿಸಿಲಲ್ಲಿ ಸರಿಯಾಗಿ ಬರಬೇಕಾದರೆ ಕ್ಯಾಮೆರಾದ ಕಣ್ಣು ಸೆಕೆಂಡಿನ 250ನೇ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆಯಬೇಕು. ಅಷ್ಟರಲ್ಲಿ ನಕ್ಷತ್ರದ ಮಂದ ಬೆಳಕು ಫಿಲ್ಮಿನ ಮೇಲೆ ಬೀಳುವುದಿಲ್ಲ. ಇದನ್ನು ನೀವೇ ನೋಡಬಹುದು. ರಾತ್ರಿ ಬೀದಿದೀಪದ ಕೆಳಗೆ ಯಾರನ್ನಾದರೂ ನಿಲ್ಲಿಸಿ, ನೈಟ್ ಮೋಡ್ ಬಂದ್ ಮಾಡಿ, ಆಕಾಶವೂ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮುಖ ಬರುತ್ತದೆ, ನಕ್ಷತ್ರ ಬರುವುದಿಲ್ಲ.

ಇದಕ್ಕಿಂತ ಹತ್ತಿರದ ಸಾಕ್ಷಿ ನಮ್ಮದೇ ಇದೆ. 2023ರ ಆಗಸ್ಟ್ 30ರಂದು ಪ್ರಜ್ಞಾನ್ ರೋವರ್ ತನ್ನ ಕ್ಯಾಮೆರಾದಿಂದ ವಿಕ್ರಮ್ ಲ್ಯಾಂಡರಿನ ಚಿತ್ರ ತೆಗೆದು ಕಳಿಸಿತು. ಆ ಚಿತ್ರವನ್ನು ಸ್ಟೇಟಸ್ಸಿಗೆ ಹಾಕಿಕೊಳ್ಳದ ಕನ್ನಡಿಗರು ಕಡಿಮೆ. ಇನ್ನೊಮ್ಮೆ ತೆಗೆದು ನೋಡಿ. ಅದರಲ್ಲೂ ಒಂದೇ ಒಂದು ನಕ್ಷತ್ರ ಇಲ್ಲ. ಅಪೊಲೊ ಚಿತ್ರದಲ್ಲಿ ನಕ್ಷತ್ರ ಇಲ್ಲದಿದ್ದರೆ ಅದು ಸ್ಟುಡಿಯೋ, ಪ್ರಜ್ಞಾನ್ ಚಿತ್ರದಲ್ಲಿ ಇಲ್ಲದಿದ್ದರೆ ಅದು ವಿಜ್ಞಾನ ಎನ್ನಲು ಬರುವುದಿಲ್ಲ. ಒಪ್ಪಿದರೆ ಎರಡನ್ನೂ ಒಪ್ಪಬೇಕು, ಬಿಟ್ಟರೆ ಎರಡನ್ನೂ ಬಿಡಬೇಕು.

ಚಂದ್ರನಿಂದ ನಕ್ಷತ್ರಗಳ ಚಿತ್ರ ತೆಗೆದೇ ಇಲ್ಲ ಎಂಬುದೂ ಸರಿಯಲ್ಲ. 1972ರ ಏಪ್ರಿಲ್‌ನಲ್ಲಿ ಅಪೊಲೊ 16 ಒಂದು ವಿಶೇಷ ಕ್ಯಾಮೆರಾ ಒಯ್ದಿತ್ತು. ಜಾರ್ಜ್ ಕಾರುದರ್ಸ್ ಎಂಬ ವಿಜ್ಞಾನಿ ರೂಪಿಸಿದ್ದು. ಅದನ್ನು ಲ್ಯಾಂಡರಿನ ನೆರಳಿನಲ್ಲಿ ಇಟ್ಟು, ಹೆಚ್ಚು ಹೊತ್ತು ತೆರೆದಿಟ್ಟು, ಕಣ್ಣಿಗೆ ಕಾಣದ ಅತಿನೇರಳೆ ಬೆಳಕಿನಲ್ಲಿ ಚಿತ್ರ ತೆಗೆದರು. ನಕ್ಷತ್ರಗಳು, ನೆರೆಯ ಗೆಲಾಕ್ಸಿ, ಭೂಮಿಯ ಸುತ್ತ ಹರಡಿರುವ ಹೈಡ್ರೋಜನ್ ಹೊದಿಕೆ ಎಲ್ಲವೂ ಅದರಲ್ಲಿ ಬಂದಿವೆ. ಈ ಅತಿನೇರಳೆ ಬೆಳಕನ್ನು ನಮ್ಮ ವಾತಾವರಣ ತಡೆದುಬಿಡುತ್ತದೆ. ಹಾಗಾಗಿ ಭೂಮಿಯ ಮೇಲಿನ ಯಾವ ಸ್ಟುಡಿಯೋದಿಂದಲೂ ಆ ಚಿತ್ರ ತೆಗೆಯಲು ಆಗುತ್ತಿರಲಿಲ್ಲ.

ಬಾವುಟದ ವಿಷಯ ಬೇಗ ಮುಗಿಯುತ್ತದೆ. ಗಾಳಿ ಇಲ್ಲದ ಕಡೆ ಬಟ್ಟೆ ಜೋತುಬೀಳುತ್ತದೆ ಎಂದು ನಾಸಾದವರಿಗೂ ಗೊತ್ತಿತ್ತು. ಅದಕ್ಕೇ ಮೇಲಂಚಿಗೆ ಅಡ್ಡ ಕಡ್ಡಿ ಹೊಲಿಸಿದ್ದರು. ಅಪೊಲೊ 11ರಲ್ಲಿ ಆ ಕಡ್ಡಿ ಪೂರ್ತಿ ಹೊರಗೆ ಬರಲಿಲ್ಲ, ಬಟ್ಟೆ ಸುಕ್ಕುಸುಕ್ಕಾಗಿ ಉಳಿಯಿತು. ಆ ಸುಕ್ಕನ್ನೇ ಜನ ಹಾರಾಟ ಅಂದುಕೊಂಡರು. ವಿಡಿಯೊದಲ್ಲಿ ಅದು ಅಲ್ಲಾಡುವುದು ಕಂಬವನ್ನು ನೆಲಕ್ಕೆ ತಿರುಚುವಾಗ. ತಡೆಯಲು ಗಾಳಿ ಇಲ್ಲದ್ದರಿಂದ ಆ ಅಲ್ಲಾಟ ಇಲ್ಲಿಗಿಂತ ಜಾಸ್ತಿ ಹೊತ್ತು ಇರುತ್ತದೆ. ನೆರಳುಗಳು ಬೇರೆ ಬೇರೆ ದಿಕ್ಕಿಗೆ ಹೋದಂತೆ ಕಾಣುವುದಕ್ಕೆ ಉಬ್ಬುತಗ್ಗಿನ ನೆಲ ಮತ್ತು ಕ್ಯಾಮೆರಾದ ಕೋನ ಕಾರಣ. ಸ್ಟುಡಿಯೋದಲ್ಲಿರುವಂತೆ ಎರಡು ದೀಪ ಇದ್ದಿದ್ದರೆ ಒಂದೊಂದು ವಸ್ತುವಿಗೂ ಎರಡೆರಡು ನೆರಳು ಬೀಳಬೇಕಿತ್ತು. ಒಂದು ಚಿತ್ರದಲ್ಲೂ ಹಾಗಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಎಂಜಿನ್ ಕೆಳಗಿನ ಗುಂಡಿಯ ಪ್ರಶ್ನೆ. ಅಷ್ಟು ದೊಡ್ಡ ಎಂಜಿನ್ ಉರಿಸಿಕೊಂಡು ಇಳಿದರೆ ನೆಲದಲ್ಲಿ ಹೊಂಡ ಬೀಳಬೇಡವೇ? ಲೆಕ್ಕ ಹಾಕೋಣ. ಇಳಿಯುವ ಹೊತ್ತಿಗೆ ಅಪೊಲೊ ಲ್ಯಾಂಡರಿನಲ್ಲಿ ಉಳಿದಿದ್ದು ಏಳು ಟನ್ನಿನಷ್ಟು. ಚಂದ್ರನ ಗುರುತ್ವ ಇಲ್ಲಿನ ಆರನೇ ಒಂದು ಭಾಗ. ಅಂದರೆ ಅಲ್ಲಿ ಅದರ ಭಾರ ಇಲ್ಲಿನ ಒಂದು ಟನ್ ಚಿಲ್ಲರೆಗೆ ಸಮ. ಮೆಲ್ಲಗೆ ಇಳಿಯಲು ಎಂಜಿನ್ ಅಷ್ಟನ್ನೇ ತಳ್ಳಿದರೆ ಸಾಕು. ಆ ಎಂಜಿನ್ನಿನ ಬಾಯಿ ಒಂದೂವರೆ ಮೀಟರ್ ಅಗಲ. ಹೊರಬರುವ ಅನಿಲ ಅಷ್ಟಗಲಕ್ಕೆ ಹರಡಿದಾಗ ಚದರ ಸೆಂಟಿಮೀಟರಿಗೆ 100 ಗ್ರಾಂ ಒತ್ತಡವೂ ಇರುವುದಿಲ್ಲ. ನೀವು ನಿಮ್ಮ ಮನೆಯ ಅಂಗಳದಲ್ಲಿ ಒಂಟಿ ಕಾಲಲ್ಲಿ ನಿಂತರೆ ನೆಲದ ಮೇಲೆ ಅದಕ್ಕಿಂತ ಜಾಸ್ತಿ ಒತ್ತಡ ಬೀಳುತ್ತದೆ. ಚಂದ್ರನ ನೆಲದ ಮೇಲಿನ ಸಡಿಲ ಧೂಳು ಕೆಲವೇ ಸೆಂಟಿಮೀಟರ್. ಅದರ ಕೆಳಗಿನ ಮಣ್ಣು ಗಟ್ಟಿ. ಹಾಗಾಗಿ ಹೊಂಡ ಬೀಳಲಿಲ್ಲ, ಮೇಲಿನ ಧೂಳು ಸುತ್ತಲೂ ಹಾರಿಹೋಯಿತು.

ಆ ಧೂಳು ಎಷ್ಟು ಜೋರಾಗಿ ಹಾರುತ್ತದೆ ಎಂಬುದಕ್ಕೆ ಅಪೊಲೊ 12 ಒಂದು ಸಾಕ್ಷಿ ಹೊತ್ತು ತಂದಿದೆ. 1967ರಲ್ಲಿ ಸರ್ವೇಯರ್ 3 ಎಂಬ ಮಾನವರಹಿತ ನೌಕೆ ಚಂದ್ರನ ಮೇಲೆ ಇಳಿದಿತ್ತು. ಅಪೊಲೊ 12 ಅದರಿಂದ 160 ಮೀಟರ್ ಆಸುಪಾಸಿನಲ್ಲಿ ಇಳಿಯಿತು. ಇಬ್ಬರು ನಡೆದುಹೋಗಿ ಅದರ ಕ್ಯಾಮೆರಾ ಬಿಚ್ಚಿ ಭೂಮಿಗೆ ತಂದರು. ಪರೀಕ್ಷಿಸಿದಾಗ ಲ್ಯಾಂಡರಿನ ಕಡೆಗಿದ್ದ ಮೈ ಮಾತ್ರ ಧೂಳಿನ ಹೊಡೆತಕ್ಕೆ ಉಜ್ಜಿಹೋಗಿತ್ತು.

ನಮ್ಮ ವಿಕ್ರಮ್ ಇಳಿದಾಗಲೂ ಹೀಗೇ ಆಯಿತು. ಸುಮಾರು 2.06 ಟನ್ ಮಣ್ಣು 108.4 ಚದರ ಮೀಟರ್ ಜಾಗದಲ್ಲಿ ಚೆದುರಿ, ಲ್ಯಾಂಡರಿನ ಸುತ್ತ ಬೆಳ್ಳನೆಯ ಪ್ರಭಾವಳಿ ಮೂಡಿದೆ ಎಂದು ಇಸ್ರೋ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಚಂದ್ರನನ್ನು ಸುತ್ತುತ್ತಿದ್ದ ಚಂದ್ರಯಾನ-2ರ ಕ್ಯಾಮೆರಾ, ವಿಕ್ರಮ್ ಇಳಿಯುವ ಮುಂಚೆ ಮತ್ತು ಇಳಿದ ಮೇಲೆ ತೆಗೆದ ಚಿತ್ರಗಳನ್ನು ಹೋಲಿಸಿ ಕಂಡುಕೊಂಡದ್ದು ಇದು. ಅಪೊಲೊ 15 ಇಳಿದ ಜಾಗದಲ್ಲೂ ಇಂಥದೇ ಪ್ರಭಾವಳಿ ಇದೆ. ಅದನ್ನು ಗುರುತಿಸಿದ್ದು ನಾಸಾ ಒಂದೇ ಅಲ್ಲ. 2008ರಲ್ಲಿ ಜಪಾನಿನ ಕಗುಯಾ ನೌಕೆ ಗುರುತಿಸಿತು, 2009ರಲ್ಲಿ ನಮ್ಮ ಚಂದ್ರಯಾನ-1ರ ಚಿತ್ರಗಳಲ್ಲೂ ಅದು ಕಂಡಿತು.

ಈಗ ವಿಡಿಯೊಗಳನ್ನು ನೋಡಿ. ಅಪೊಲೊ 16ರಲ್ಲಿ ಜಾನ್ ಯಂಗ್ ಚಂದ್ರನ ಮೇಲೆ ಗಾಡಿ ಓಡಿಸಿದ ದೃಶ್ಯ ಯೂಟ್ಯೂಬಿನಲ್ಲಿದೆ. ಗಾಡಿಯನ್ನು ಬಿಟ್ಟು ಚಕ್ರದ ಹಿಂದಿನ ಧೂಳನ್ನಷ್ಟೇ ಗಮನಿಸಿ. ಬೇಸಿಗೆಯಲ್ಲಿ ನಮ್ಮ ಮಣ್ಣು ರಸ್ತೆಯಲ್ಲಿ ಬಸ್ಸು ಹೋದರೆ ಧೂಳು ಮೋಡದಂತೆ ಎದ್ದು, ತುಂಬ ಹೊತ್ತು ಗಾಳಿಯಲ್ಲೇ ನಿಲ್ಲುತ್ತದೆ. ಅಲ್ಲಿ ಹಾಗಾಗುವುದಿಲ್ಲ. ಒಂದೊಂದು ಕಣವೂ ಎಸೆದ ಕಲ್ಲು ಹೋದ ಹಾಗೆ ಬಿಲ್ಲಿನಾಕಾರದಲ್ಲಿ ಮೇಲೇರಿ, ಅಷ್ಟೇ ಅಚ್ಚುಕಟ್ಟಾಗಿ ಕೆಳಗೆ ಬೀಳುತ್ತದೆ. ಒಂದಿಷ್ಟೂ ತೇಲುವುದಿಲ್ಲ. ಗಾಳಿ ಇರುವ ಜಾಗದಲ್ಲಿ ನುಣ್ಣನೆ ಧೂಳು ಹೀಗೆ ನಡೆದುಕೊಳ್ಳಲು ಸಾಧ್ಯವೇ ಇಲ್ಲ. 2012ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಈ ದೃಶ್ಯದಲ್ಲಿನ ಧೂಳಿನ ದಾರಿಯನ್ನು ಅಳೆದು ಗುರುತ್ವ ಎಷ್ಟೆಂದು ಲೆಕ್ಕ ಹಾಕಿದರು. ಬಂದ ಉತ್ತರ ಚಂದ್ರನ ಗುರುತ್ವಕ್ಕೆ ಹೊಂದಿತು.

"ವಿಡಿಯೊ ನಿಧಾನ ಮಾಡಿ ತೋರಿಸಿದ್ದಾರೆ" ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ಇಲ್ಲಿನ ಬೀಳುವಿಕೆ ಚಂದ್ರನದ್ದರಂತೆ ಕಾಣಬೇಕಾದರೆ ವೇಗವನ್ನು ಸುಮಾರು ಎರಡೂವರೆ ಪಟ್ಟು ತಗ್ಗಿಸಬೇಕು. ಆಗ ಧೂಳು ನಿಧಾನವಾಗಿ ಬೀಳುತ್ತದೆ, ನಿಜ. ಆದರೆ ತೇಲುವ ಧೂಳು ತೇಲುತ್ತಲೇ ಇರುತ್ತದೆ. ಗಾಳಿಯನ್ನೇ ತೆಗೆಯಬೇಕು ಅಂದರೆ ಇಡೀ ಸ್ಟುಡಿಯೋ ನಿರ್ವಾತ ಕೋಣೆಯಾಗಬೇಕು. ಅಮೆರಿಕದ ಒಹಾಯೊದಲ್ಲಿರುವ ನಾಸಾದ ಬೃಹತ್ ನಿರ್ವಾತ ಕೋಣೆ ಸುಮಾರು 30 ಮೀಟರ್ ಅಗಲ ಇದೆ. ಗಾಡಿ ಓಡಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ ದೂರ.

ವಿಕಿರಣದ ಪ್ರಶ್ನೆ ಕೇಳುವವರು ಸ್ವಲ್ಪ ಓದಿಕೊಂಡವರು. ಭೂಮಿಯ ಸುತ್ತ ವ್ಯಾನ್ ಅಲೆನ್ ಪಟ್ಟಿಗಳಿವೆ, ಅಲ್ಲಿ ವೇಗದ ಕಣಗಳು ತುಂಬಿವೆ, ಅದನ್ನು ದಾಟಿದವರು ಸಾಯಬೇಕಿತ್ತು ಎಂಬ ವಾದ. ಪಟ್ಟಿಗಳಿರುವುದು ನಿಜ, 1958ರಲ್ಲಿ ಪತ್ತೆಯಾದವು. ಆದರೆ ವಿಕಿರಣದಲ್ಲಿ ಮುಖ್ಯವಾಗುವುದು ಎಷ್ಟು ದಟ್ಟ ಮತ್ತು ಎಷ್ಟು ಹೊತ್ತು ಎಂಬುದು. ಅಪೊಲೊ ಅತಿ ದಟ್ಟ ಭಾಗವನ್ನು ತಪ್ಪಿಸುವ ದಾರಿ ಹಿಡಿದು, ಕೆಲವೇ ಗಂಟೆಗಳಲ್ಲಿ ದಾಟಿತು. ಯಾನಿಗಳ ಮೈಮೇಲಿದ್ದ ಮಾಪಕಗಳ ದಾಖಲೆ ಇದೆ. ಅತಿ ಹೆಚ್ಚು ವಿಕಿರಣ ತಗುಲಿದ್ದು ಅಪೊಲೊ 14ರವರಿಗೆ, ಸುಮಾರು 11 ಮಿಲಿಗ್ರೇ. ಒಂದೆರಡು ಸಿ.ಟಿ. ಸ್ಕ್ಯಾನಿನ ಲೆಕ್ಕ. ಪ್ರಾಣಕ್ಕೆ ಅಪಾಯ ತರುವ ಪ್ರಮಾಣ ಅದರ ನೂರಾರು ಪಟ್ಟು.

ನಿಜವಾದ ಅಪಾಯ ಬೇರೆ ಇತ್ತು, ಅದನ್ನು ಸಂಚಿನ ಕಥೆ ಹೇಳುವವರು ಹೇಳುವುದೇ ಇಲ್ಲ. 1972ರ ಆಗಸ್ಟ್‌ನಲ್ಲಿ ಸೂರ್ಯನಿಂದ ಭಾರಿ ಕಣಗಳ ಬಿರುಗಾಳಿ ಎದ್ದಿತು. ಅಪೊಲೊ 16 ಏಪ್ರಿಲ್‌ನಲ್ಲಿ ಹೋಗಿ ಬಂದಿತ್ತು, 17 ಡಿಸೆಂಬರ್‌ನಲ್ಲಿ ಹೊರಡಲಿತ್ತು. ಆ ದಿನಗಳಲ್ಲಿ ಯಾರಾದರೂ ಬರೀ ಉಡುಪಿನಲ್ಲಿ ಚಂದ್ರನ ಮೇಲೆ ನಡೆಯುತ್ತಿದ್ದಿದ್ದರೆ ಕಾಯಿಲೆ ಬೀಳುವುದು ಗ್ಯಾರಂಟಿ ಇತ್ತು. ನಾಸಾದ ಅದೃಷ್ಟ ಚೆನ್ನಾಗಿತ್ತು.

ಚಿತ್ರ, ವಿಡಿಯೊ ಎಲ್ಲವನ್ನೂ ಪಕ್ಕಕ್ಕಿಡೋಣ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಲ್ಲುಗಳು. ಆರು ಯಾನಗಳಿಂದ ಬಂದ ಕಲ್ಲು, ಮಣ್ಣು ಒಟ್ಟು 382 ಕೆ.ಜಿ. ಅದನ್ನು ನಾಸಾ ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಿಗೆ ಕೊಟ್ಟಿತು, ಇಂದಿಗೂ ಕೊಡುತ್ತಿದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೂ ಬಂತು. ಅಲ್ಲಿ ದೇವೇಂದ್ರ ಲಾಲ್, ನರೇಂದ್ರ ಭಂಡಾರಿ ಮತ್ತು ಜೊತೆಗಾರರು 1970ರ ದಶಕದ ಆರಂಭದಲ್ಲೇ ಅಪೊಲೊ ಕಲ್ಲುಗಳ ಮೇಲೆ ಕೆಲಸ ಮಾಡಿದರು.

ಅವರು ಹುಡುಕಿದ್ದು ಕಾಸ್ಮಿಕ್ ಕಿರಣಗಳ ಗಾಯದ ಗುರುತುಗಳನ್ನು. ಬಾಹ್ಯಾಕಾಶದಿಂದ ಬರುವ ಭಾರದ ಕಣಗಳು ಹರಳಿನೊಳಗೆ ತೂರುವಾಗ ಬಹಳ ತೆಳುವಾದ ಗೀರು ಬಿಡುತ್ತವೆ. ಹರಳನ್ನು ರಾಸಾಯನಿಕದಲ್ಲಿ ಅದ್ದಿದರೆ ಆ ಗೀರುಗಳು ಅಗಲವಾಗಿ ಮೈಕ್ರೋಸ್ಕೋಪಿನಲ್ಲಿ ಕಾಣುತ್ತವೆ. ಭೂಮಿಯ ಕಲ್ಲುಗಳಿಗೆ ವಾತಾವರಣದ ರಕ್ಷಣೆ ಇದೆ, ಅವುಗಳಲ್ಲಿ ಈ ಗೀರುಗಳಿರುವುದಿಲ್ಲ. ಚಂದ್ರನ ಕಲ್ಲಿನಲ್ಲಿ ಮೇಲ್ಮೈ ಹತ್ತಿರ ದಟ್ಟವಾಗಿ, ಒಳಗೆ ಹೋದಂತೆ ಕಡಿಮೆಯಾಗುತ್ತಾ ಇರುತ್ತವೆ. ಲಕ್ಷಾಂತರ ವರ್ಷ ಬಯಲಲ್ಲಿ ಬಿದ್ದಿದ್ದರೆ ಮಾತ್ರ ಹೀಗಾಗುತ್ತದೆ. ಕಲ್ಲಿನ ಮೈಮೇಲೆ ಸೂಕ್ಷ್ಮ ಉಲ್ಕೆಗಳು ಬಡಿದ ಗಾಜಿನಂಥ ಕುಳಿಗಳೂ ಇವೆ. ಅದನ್ನೂ ಗಾಳಿ ಇರುವ ಭೂಮಿಯಲ್ಲಿ ಕಾಣಲಾರಿರಿ. 1969ರ ಯಾವ ಕಾರ್ಖಾನೆಯೂ ಇಂಥ ಕಲ್ಲನ್ನು ಕ್ವಿಂಟಾಲ್‌ಗಟ್ಟಲೆ ಮಾಡಿಕೊಡಲು ಸಾಧ್ಯವಿರಲಿಲ್ಲ.

ಅಮೆರಿಕದ ಮಾತು ಬೇಡ ಅಂದರೆ ಸೋವಿಯತ್ ರಷ್ಯಾದ್ದು ಕೇಳಿ. ಅವರ ಲೂನಾ 16, 20, 24 ನೌಕೆಗಳು ಯಾರನ್ನೂ ಕಳಿಸದೆಯೇ ಒಟ್ಟು 300 ಗ್ರಾಂನಷ್ಟು ಮಣ್ಣು ತಂದವು. 1971ರಲ್ಲಿ ಎರಡೂ ದೇಶಗಳು ಮಾದರಿಗಳನ್ನು ಅದಲುಬದಲು ಮಾಡಿಕೊಂಡವು. ಎರಡೂ ಒಂದೇ ಜಾತಿಯ ಮಣ್ಣು. 2020ರಲ್ಲಿ ಚೀನಾದ ಚಾಂಗ್'ಎ-5 ಸುಮಾರು 1.7 ಕೆ.ಜಿ. ತಂದಾಗಲೂ ಅಪೊಲೊ ಕಲ್ಲುಗಳು ಸುಳ್ಳು ಎಂದು ಚೀನಾ ಹೇಳಲಿಲ್ಲ, ಅವುಗಳ ಜೊತೆ ಹೋಲಿಸಿಯೇ ತನ್ನ ಲೆಕ್ಕ ಮುಂದುವರಿಸಿತು. 1982ರಲ್ಲಿ ಅಂಟಾರ್ಕ್ಟಿಕಾದ ಮಂಜಿನಲ್ಲಿ ಸಿಕ್ಕ ಒಂದು ಉಲ್ಕಾಶಿಲೆ ಚಂದ್ರನಿಂದ ಸಿಡಿದು ಬಂದಿದ್ದೆಂದು ಗುರುತಿಸಲು ಸಾಧ್ಯವಾಗಿದ್ದೂ ಅಪೊಲೊ ಕಲ್ಲುಗಳಿಂದಲೇ. ಅಂಥ ಉಲ್ಕಾಶಿಲೆ ಚಂದ್ರನದು ಎಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಅದೇ ಬಗೆಯ ಕಲ್ಲನ್ನು ನಾಸಾ ನಕಲು ಮಾಡಿದ್ದು ಹೇಗೆ?

ಇಲ್ಲಿ ಒಂದು ಪ್ರಸಂಗವನ್ನು ಮುಚ್ಚಿಡಬಾರದು. ನೆದರ್‌ಲೆಂಡ್ಸ್‌ನ ರೈಕ್ಸ್ ಮ್ಯೂಸಿಯಂನಲ್ಲಿ ಚಂದ್ರನ ಕಲ್ಲೆಂದು ಇಟ್ಟಿದ್ದ ಒಂದು ತುಂಡು ಕಲ್ಲಾದ ಮರ ಎಂದು 2009ರಲ್ಲಿ ಪತ್ತೆಯಾಯಿತು. ಸಂಚಿನ ಕಥೆಯವರಿಗೆ ಇದು ಹಬ್ಬ. ಆದರೆ ಅದು 1969ರಲ್ಲಿ ಅಲ್ಲಿನ ಮಾಜಿ ಪ್ರಧಾನಿಗೆ ಅಮೆರಿಕದ ರಾಯಭಾರಿ ಕೊಟ್ಟ ವಸ್ತುವಂತೆ, ಅವರ ಮನೆಯಿಂದ ಮ್ಯೂಸಿಯಂಗೆ ಬಂದದ್ದು. ನಾಸಾದ ಸಂಶೋಧನಾ ಮಾದರಿಗಳ ಪಟ್ಟಿಯಲ್ಲಿ ಬಂದ ಕಲ್ಲಲ್ಲ. ಮತ್ತು ನೋಡಿ, ಭೂಮಿಯ ವಸ್ತುವನ್ನು ಚಂದ್ರನದು ಎಂದು ಇಟ್ಟರೆ ಪರೀಕ್ಷಿಸಿದವರು ತಕ್ಷಣ ಹಿಡಿದರು. ನೂರಾರು ಭೂವಿಜ್ಞಾನಿಗಳು 50 ವರ್ಷ ಪರೀಕ್ಷಿಸಿದ 382 ಕೆ.ಜಿ.ಯಲ್ಲಿ ಅಂಥದ್ದು ಸಿಕ್ಕಿಲ್ಲ.

ನಮ್ಮ ಪರವಾಗಿ ವಾದಿಸುವವರೂ ಒಂದು ಕಡೆ ಎಡವುತ್ತಾರೆ. ಅಪೊಲೊ 11, 14, 15ರವರು ಚಂದ್ರನ ಮೇಲೆ ಇಟ್ಟುಬಂದ ಕನ್ನಡಿಗಳಿಗೆ ಇಂದಿಗೂ ಲೇಸರ್ ಬಿಡುತ್ತಾರೆ, ಬೆಳಕು ಎರಡೂವರೆ ಸೆಕೆಂಡಿನಲ್ಲಿ ಮರಳಿ ಬರುತ್ತದೆ, ಆದ್ದರಿಂದ ಮನುಷ್ಯ ಹೋಗಿದ್ದು ನಿಜ ಎನ್ನುತ್ತಾರೆ. ಕನ್ನಡಿ ಇರುವುದು ನಿಜ. ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ ಎಂದು ಗೊತ್ತಾಗಿದ್ದೇ ಅವುಗಳಿಂದ. ಆದರೆ ಸೋವಿಯತ್‌ನ ಲೂನೊಖೋದ್ ಗಾಡಿಗಳೂ ಇಂಥ ಕನ್ನಡಿ ಹೊತ್ತು ಹೋಗಿದ್ದವು, ಅವುಗಳಲ್ಲಿ ಮನುಷ್ಯರಿರಲಿಲ್ಲ. ಹಾಗಾಗಿ ಕನ್ನಡಿಯೊಂದೇ ಸಾಕ್ಷಿ ಆಗುವುದಿಲ್ಲ. ದುರ್ಬಲ ವಾದವನ್ನು ಹಿಡಿದು ಕೂತರೆ ಅನುಮಾನ ಪಡುವವರಿಗೆ ನಾವೇ ಬಲ ಕೊಟ್ಟಂತೆ.

ಸೋವಿಯತ್ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಅಪೊಲೊ 11 ಚಂದ್ರನ ಮೇಲಿದ್ದಾಗಲೇ ಅವರ ಲೂನಾ 15 ಚಂದ್ರನನ್ನು ಸುತ್ತುತ್ತಿತ್ತು. ಆರ್ಮ್‌ಸ್ಟ್ರಾಂಗ್‌ಗಿಂತ ಮೊದಲು ಮಣ್ಣು ತರುವ ಆಸೆ ಅವರದು. ಜುಲೈ 21ರಂದು ಅದು ಅಪ್ಪಳಿಸಿತು. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ರೇಡಿಯೊ ದೂರದರ್ಶಕ ಎರಡೂ ನೌಕೆಗಳ ಸಂಕೇತವನ್ನು ದಾಖಲಿಸುತ್ತಿತ್ತು. ಇದಕ್ಕೆ ಮುಂಚೆ, ಜುಲೈ 3ರಂದು, ಮನುಷ್ಯರನ್ನು ಕಳಿಸಲೆಂದು ಮಾಡಿದ ಸೋವಿಯತ್‌ನ ಎನ್-1 ರಾಕೆಟ್ ಉಡಾವಣಾ ಕಟ್ಟೆಯ ಮೇಲೇ ಸಿಡಿದಿತ್ತು. ಸೋತು ಅವಮಾನದಲ್ಲಿದ್ದ, ಆಕಾಶಕ್ಕೆ ಕಿವಿಗೊಟ್ಟು ಕೂತಿದ್ದ ಎದುರಾಳಿಗೆ ಅಮೆರಿಕದ ಸುಳ್ಳು ಸಿಕ್ಕಿದ್ದರೆ ಸುಮ್ನೆ ಬಿಡುತ್ತಿತ್ತಾ?

1972ರ ನಂತರ ಮನುಷ್ಯರು ಅಲ್ಲಿ ಮತ್ತೆ ಯಾಕೆ ಇಳಿಯಲಿಲ್ಲ ಎಂಬ ಪ್ರಶ್ನೆಗೆ ಉತ್ತರ ದುಡ್ಡು. 1966ರಲ್ಲಿ ಅಮೆರಿಕ ಸರ್ಕಾರ ಖರ್ಚು ಮಾಡುತ್ತಿದ್ದ ಪ್ರತಿ 100 ಡಾಲರಿನಲ್ಲಿ 4 ಡಾಲರಿಗೂ ಜಾಸ್ತಿ ನಾಸಾಗೆ ಹೋಗುತ್ತಿತ್ತು. ಈಗ ಅರ್ಧ ಡಾಲರೂ ಇಲ್ಲ. ಸುಮಾರು 4 ಲಕ್ಷ ಜನ ದುಡಿದ ಯೋಜನೆ ಅದು. ರಷ್ಯಾವನ್ನು ಸೋಲಿಸಿದ ಮೇಲೆ ರಾಜಕಾರಣಿಗಳಿಗೆ ಆಸಕ್ತಿ ಉಳಿಯಲಿಲ್ಲ. ಅಪೊಲೊ 18, 19, 20 ರದ್ದಾದವು. ಸ್ಯಾಟರ್ನ್ ರಾಕೆಟ್ ಮಾಡುತ್ತಿದ್ದ ಕಾರ್ಖಾನೆಗಳು ಬೇರೆ ಕೆಲಸಕ್ಕೆ ಹೊರಳಿದವು. ಮೂಲ ಟೇಪುಗಳೆಲ್ಲಿ ಎಂದೂ ಕೇಳುತ್ತಾರೆ. ಅಪೊಲೊ 11ರ ಮೂಲ ಸಂಕೇತಗಳಿದ್ದ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿಬಿಟ್ಟಿದ್ದಾರೆ ಎಂಬುದು 2009ರಲ್ಲಿ ಖಚಿತವಾಯಿತು. ಅದು ಸಂಚಲ್ಲ, ಅಕ್ಷಮ್ಯ ಬೇಜವಾಬ್ದಾರಿ. ಟಿವಿಯಲ್ಲಿ ಪ್ರಸಾರವಾದ ದೃಶ್ಯಗಳು ಉಳಿದಿವೆ, ಮುಂದಿನ ಯಾನಗಳ ದೃಶ್ಯಗಳೂ ಇವೆ. ಆದರೂ ಅಂಥ ಟೇಪನ್ನು ಕಳೆದುಕೊಂಡಿದ್ದು ನೆನೆದರೆ ಹೊಟ್ಟೆ ಉರಿಯುತ್ತದೆ.

ಇತ್ತೀಚೆಗೆ ತರಬೇತಿಯ ಫೋಟೊಗಳನ್ನೇ ಶೂಟಿಂಗ್ ಸೆಟ್ ಎಂದು ಹಂಚುವುದು ಜಾಸ್ತಿಯಾಗಿದೆ. ನಾಸಾ 1967ರಲ್ಲಿ ಅರಿಜೋನಾದ ಫ್ಲಾಗ್‌ಸ್ಟಾಫ್ ಬಳಿ ಸ್ಫೋಟಕ ಇಟ್ಟು ಚಂದ್ರನಂಥ ಕುಳಿಗಳನ್ನು ಮಾಡಿತ್ತು, ಯಾನಿಗಳು ಅಲ್ಲಿ ಅಭ್ಯಾಸ ಮಾಡುತ್ತಿದ್ದರು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಇಸ್ರೋ ಕೂಡ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಕುಳಿಗಳನ್ನು ತೋಡಿಸಿ, ಅವುಗಳ ಮೇಲೆ ಲ್ಯಾಂಡರಿನ ಸೆನ್ಸರುಗಳನ್ನು ಪರೀಕ್ಷಿಸಿತು. ರೋವರ್ ಓಡಿಸಿ ನೋಡಲು ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯಿಂದ ಚಂದ್ರನ ಮಣ್ಣನ್ನು ಹೋಲುವ ಕಲ್ಲು ತಂದು, ಪುಡಿ ಮಾಡಿ ಬೆಂಗಳೂರಿನಲ್ಲಿ ಹಾಸಿತು. ನಾಳೆ ಯಾರಾದರೂ ಆ ಫೋಟೊ ತೋರಿಸಿ ಚಂದ್ರಯಾನ ನಡೆದಿದ್ದು ಚಳ್ಳಕೆರೆಯಲ್ಲಿ ಅಂದರೆ ನಾವು ಒಪ್ಪುತ್ತೇವಾ?

ಕೊನೆಗೆ, ಇಳಿದ ಜಾಗವನ್ನು ದೂರದರ್ಶಕದಲ್ಲಿ ಯಾಕೆ ತೋರಿಸುವುದಿಲ್ಲ ಎಂಬ ಪ್ರಶ್ನೆ. ಚಂದ್ರನ ಮೇಲಿನ ಒಂದು ಮೀಟರ್ ಗಾತ್ರದ ವಸ್ತುವನ್ನು ಇಲ್ಲಿಂದ ಬಿಡಿಯಾಗಿ ಕಾಣಬೇಕಾದರೆ 200 ಮೀಟರಿಗೂ ದೊಡ್ಡ ಕನ್ನಡಿಯ ದೂರದರ್ಶಕ ಬೇಕು. ಅಂಥದ್ದು ಎಲ್ಲೂ ಇಲ್ಲ. ಹತ್ತಿರ ಹೋಗಿಯೇ ನೋಡಬೇಕು. 2009ರಿಂದ ಚಂದ್ರನನ್ನು ಸುತ್ತುತ್ತಿರುವ ನಾಸಾದ ಎಲ್‌ಆರ್‌ಒ ನೌಕೆ ಆರೂ ಜಾಗಗಳ ಚಿತ್ರ ತೆಗೆದಿದೆ. ಯಾನಿಗಳು ನಡೆದ ಕಾಲುದಾರಿ, ಗಾಡಿಯ ಚಕ್ರದ ಗುರುತು ಅದರಲ್ಲಿವೆ. ನಾಸಾದ್ದು ನಾಸಾವೇ ಹೇಳಿದರೆ ಹೇಗೆ ಎನ್ನುವವರಿಗೆ ಚಂದ್ರಯಾನ-2 ಇದೆ. ಅದರ ಕ್ಯಾಮೆರಾ 100 ಕಿ.ಮೀ. ಎತ್ತರದಿಂದ 25 ಸೆಂ.ಮೀ.ವರೆಗಿನ ವಿವರ ಹಿಡಿಯುತ್ತದೆ. 2021ರಲ್ಲಿ ಅದು ಅಪೊಲೊ 11 ಮತ್ತು 12 ಇಳಿದ ಜಾಗಗಳನ್ನೂ ಸೆರೆ ಹಿಡಿದಿದೆ. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಬಿಟ್ಟುಬಂದ ಲ್ಯಾಂಡರಿನ ಕೆಳಭಾಗದ ಒಡಲು ನಾಲ್ಕು ಮೀಟರ್ ಚಿಲ್ಲರೆ ಅಗಲ. ಚಿತ್ರದಲ್ಲಿ ಅದು ಹದಿನಾರು ಚುಕ್ಕಿಯಷ್ಟು ಅಗಲದ ಬೆಳ್ಳನೆ ಗುರುತಾಗಿ, ಪಕ್ಕದಲ್ಲಿ ತನ್ನ ನೆರಳಿನೊಂದಿಗೆ ಕಾಣುತ್ತದೆ. ಚಂದ್ರಯಾನದ ದತ್ತಾಂಶವೆಲ್ಲ ಸೇರುವುದು ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರದಲ್ಲಿ. ಅಲ್ಲಿಂದ ಪ್ರದಾನ್ ಎಂಬ ಜಾಲತಾಣದ ಮೂಲಕ ಹೆಸರು ನೋಂದಾಯಿಸಿದ ಯಾರು ಬೇಕಾದರೂ ಅದನ್ನು ಇಳಿಸಿಕೊಳ್ಳಬಹುದು.